ಆಸೆಯು ಮನುಷ್ಯನ ಸ್ವಭಾವವೆ?

ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಎದುರುಬದುರಾಗಿ ನಿಂತಾಗ ಅವರ ನಡುವೆ ಸರಕು ಮತ್ತು ಹಣ ಎಂಬ ಎರಡೇ ವಸ್ತುಗಳಿರುವಂತೆ ತೋರುವುದು. ಆದರೆ ಕಣ್ಣಿಗೆ ಕಾಣದ ಮೂರನೆಯದೊಂದು ಅಲ್ಲಿ ಇದ್ದೇ ಇರುತ್ತದೆ. ಮನುಷ್ಯನೆಂದರೆ ಎಂತಹವನು ಎಂಬ ಎಣಿಕೆಯೇ ಅದು. ಕೊಳ್ಳುವವನು ತಕ್ಕಡಿಯ ಮುಳ್ಳನ್ನು ದಿಟ್ಟಿಸುವನು. ಮಾರುವವನು ನೋಟನ್ನು ಬೆಳಕಿಗೆ ಹಿಡಿದು ನೋಡುವನು. ಸಾಲ ಕೊಡುವವನು ಪತ್ರ ಬರೆಯಿಸಿಕೊಳ್ಳುವನು. ಹೊಲದ ಒಡೆಯನು ರಾಶಿಯ ಕಾಲದಲ್ಲಿ ಕಣದಲ್ಲಿಯೇ ಮಲಗುವನು. ಇವರಲ್ಲಿ ಯಾರೂ ತತ್ತ್ವಶಾಸ್ತ್ರವನ್ನು ಓದಿ ಹೀಗೆ ಮಾಡುವುದಿಲ್ಲ. ಆದರೂ ಪ್ರತಿಯೊಬ್ಬನ ನಡೆಯ ಹಿಂದೆಯೂ, ಎದುರಿಗಿರುವವನು ಅವಕಾಶ ಸಿಕ್ಕರೆ ಹೆಚ್ಚು ತೆಗೆದುಕೊಳ್ಳುವನು ಎಂಬ ಒಂದು ಸಿದ್ಧಾಂತವು ಅಡಗಿದೆ. ಕೊಡು-ಕೊಳ್ಳುವ ವ್ಯವಹಾರವೆಲ್ಲವೂ ಈ ಅಡಿಗಲ್ಲಿನ ಮೇಲೆಯೇ ನಿಂತಿರುವುದಾದರೆ, ಆ ಕಲ್ಲು ಗಟ್ಟಿಯಾದುದೋ ಅಲ್ಲವೋ ಎಂಬುದನ್ನು ವಿಚಾರಿಸುವುದು ಪಂಡಿತರಿಗೆ ಮಾತ್ರ ಬಿಟ್ಟ ಕೆಲಸವಲ್ಲ. ಅಂಗಡಿ, ಹೊಲ, ಕಚೇರಿಗಳಲ್ಲಿ ದಿನದ ಬಹುಭಾಗವನ್ನು ಕಳೆಯುವ ಗೃಹಸ್ಥ ಭಕ್ತನಿಗೆ ಅದು ಪೂಜೆಯಷ್ಟೇ ಹತ್ತಿರದ ವಿಷಯ.

ಈ ಎಣಿಕೆಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಭಾರತದ ಕೌಟಿಲ್ಯನು ಹಿರಿಯನು. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಅವನ ಅರ್ಥಶಾಸ್ತ್ರದ ಓಲೆಯ ಪ್ರತಿಯು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾಯಿತು. ರಾಜ್ಯದ ಹಣವನ್ನು ಅಧಿಕಾರಿಗಳು ಅಪಹರಿಸುವ ನಲವತ್ತು ಬಗೆಗಳನ್ನು ಅದರಲ್ಲಿ ಎಣಿಸಿ ಹೇಳಲಾಗಿದೆ. ಕೌಟಿಲ್ಯನು ಮನುಷ್ಯನನ್ನು ನಿಂದಿಸುತ್ತಿಲ್ಲ. ಭಂಡಾರವನ್ನು ಕಾಯಬೇಕಾದವನು ಹೇಗೆ ಯೋಚಿಸಬೇಕೋ ಹಾಗೆ ಯೋಚಿಸುತ್ತಾನೆ. ಬಸವಣ್ಣನವರೂ ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಕಲ್ಯಾಣದಲ್ಲಿ ಭಂಡಾರಿಗಳಾಗಿದ್ದವರೇ. ಭಂಡಾರದ ಹಣವನ್ನು ಜಂಗಮರಿಗೆ ವ್ಯಯಿಸುತ್ತಿರುವರೆಂದು ಅರಸನ ಕಿವಿಗೆ ಚಾಡಿ ಹೋಯಿತೆಂದೂ, ಲೆಕ್ಕ ನೋಡಿದಾಗ ಹಣವು ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುವುವು. ಚಾಡಿ ಹೇಳಿದವರ ಮನಸ್ಸಿನಲ್ಲಿದ್ದುದೂ ಅದೇ ಸಿದ್ಧಾಂತ: ಕೈಗೆ ಹಣ ಸಿಕ್ಕವನು ತೆಗೆದುಕೊಳ್ಳದೆ ಇರಲಾರನು.

ಪಶ್ಚಿಮ ದೇಶಗಳಲ್ಲಿ ಈ ವಿಚಾರವು ಬೇರೊಂದು ದಾರಿಯಿಂದ ಬಂದಿತು. ಸ್ಕಾಟ್ಲೆಂಡಿನ ಆಡಂ ಸ್ಮಿತ್ ಎಂಬ ನೀತಿಶಾಸ್ತ್ರದ ಅಧ್ಯಾಪಕನು 1776ರಲ್ಲಿ ರಾಷ್ಟ್ರಗಳ ಸಂಪತ್ತನ್ನು ಕುರಿತು ಬರೆದ ಗ್ರಂಥದಲ್ಲಿ, ಊಟದ ಪದಾರ್ಥಗಳನ್ನು ಮಾರುವವರು ದಯೆಯಿಂದಲ್ಲ, ಸ್ವಂತದ ಹಿತಕ್ಕಾಗಿ ಅವನ್ನು ಒದಗಿಸುವರೆಂದು ತೋರಿಸಿದನು. (ಅವನು ಕೊಟ್ಟ ಉದಾಹರಣೆಗಳಲ್ಲಿ ಕಟುಕನೂ ಮದ್ಯ ಕಾಯಿಸುವವನೂ ಇರುವುದು ಆ ದೇಶದ ಅಡುಗೆಮನೆಗೆ ತಕ್ಕುದು.) ಈ ಮಾತು ಲೋಕಪ್ರಸಿದ್ಧವಾಯಿತು. ಆದರೆ ಅದೇ ಸ್ಮಿತನು 1759ರಲ್ಲಿಯೇ ನೈತಿಕ ಭಾವನೆಗಳನ್ನು ಕುರಿತು ಇನ್ನೊಂದು ಗ್ರಂಥವನ್ನು ಬರೆದಿದ್ದನು. ಮನುಷ್ಯನು ಎಷ್ಟೇ ಸ್ವಾರ್ಥಿಯೆಂದೆಣಿಸಿದರೂ ಪರರ ಸುಖದುಃಖಗಳಲ್ಲಿ ಪಾಲ್ಗೊಳ್ಳುವ ಗುಣವೊಂದು ಅವನ ಪ್ರಕೃತಿಯಲ್ಲಿಯೇ ಇದೆಯೆಂಬುದು ಅದರ ಮೊದಲ ವಿಚಾರ. ಎರಡನೆಯ ಗ್ರಂಥವನ್ನು ಹೊಗಳುವವರು ಮೊದಲನೆಯದನ್ನು ಓದುವುದು ಅಪರೂಪ.

ಮುಂದೆ 1836ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಎಂಬ ಆಂಗ್ಲ ಪಂಡಿತನು ಈ ಶಾಸ್ತ್ರದ ರೀತಿಯನ್ನು ಬಿಡಿಸಿ ಹೇಳಿದನು. ಅರ್ಥಶಾಸ್ತ್ರಜ್ಞನು ಮನುಷ್ಯನನ್ನು ಪೂರ್ಣವಾಗಿ ನೋಡುವುದಿಲ್ಲ. ಸಂಪತ್ತಿನ ಬಯಕೆ, ಅದಕ್ಕೆ ಅಡ್ಡಬರುವ ದುಡಿಮೆಯ ಬೇಸರ ಮತ್ತು ಈ ಕ್ಷಣದ ಭೋಗದ ಆಸೆ, ಇಷ್ಟನ್ನೇ ಆರಿಸಿಕೊಂಡು ಮಿಕ್ಕುದನ್ನು ಬದಿಗಿಡುವನು. ಮನುಷ್ಯನು ನಿಜವಾಗಿಯೂ ಇಷ್ಟೇ ಎಂದು ತಿಳಿಯುವಷ್ಟು ಮೂಢನಾದ ಅರ್ಥಶಾಸ್ತ್ರಜ್ಞನು ಯಾರೂ ಇಲ್ಲವೆಂದೂ ಮಿಲ್ ಎಚ್ಚರಿಸಿದ್ದನು. ಲೆಕ್ಕದ ಅನುಕೂಲಕ್ಕಾಗಿ ಮಾಡಿಕೊಂಡ ಕಲ್ಪನೆಯೆಂಬುದು ಅವನಿಗೆ ಗೊತ್ತಿತ್ತು. ಆದರೆ ಹಾಗೆ ಬದಿಗಿಟ್ಟ ವಸ್ತುವನ್ನು ಮರಳಿ ಕೈಗೆತ್ತಿಕೊಳ್ಳುವುದು ಮುಂದಿನವರಿಗೆ ಮರೆತುಹೋಯಿತು. 1881ರಲ್ಲಿ ಎಡ್ಜ್‌ವರ್ತ್ ಎಂಬವನು, ಪ್ರತಿಯೊಬ್ಬನೂ ಸ್ವಾರ್ಥದಿಂದಲೇ ನಡೆಯುವನೆಂಬುದನ್ನು ಆ ಶಾಸ್ತ್ರದ ಮೊದಲ ಸೂತ್ರವೆಂದು ಬರೆದನು. ಅಲ್ಲಿಂದ ಮುಂದೆ ಪಾಠಶಾಲೆಯ ಪುಸ್ತಕಗಳವರೆಗೂ, ಬಯಕೆಗಳು ಅಪಾರ, ಸಾಧನಗಳು ಮಿತ, ಎಂಬುದು ಮೊದಲ ಪಾಠವಾಯಿತು. ಒಂದು ವಾದಕ್ಕಾಗಿ ಎತ್ತಿಕೊಂಡ ಪೂರ್ವಪಕ್ಷವೇ ಸಿದ್ಧಾಂತವಾಗಿ ಕುಳಿತಿತು.

ಇಲ್ಲಿ ಶಿವಾನುಭವಿಗಳ ದರ್ಶನವನ್ನು ಕೇಳಬೇಕು. ಬಯಕೆಯು ಅಪಾರವೆಂಬ ಮಾತನ್ನು ಶರಣರು ಅಲ್ಲಗಳೆಯಲಿಲ್ಲ. ಆಸೆಯ ಬಲವನ್ನು ಅವರಷ್ಟು ಕಟುವಾಗಿ ವರ್ಣಿಸಿದವರು ವಿರಳ. ಅವರ ಭೇದವಿರುವುದು ಬೇರೆಡೆಯಲ್ಲಿ. ಬಯಕೆಯು ಮನುಷ್ಯನ ಸ್ವರೂಪವೋ, ಸ್ವರೂಪಕ್ಕೆ ಅಂಟಿದ ಮಲವೋ ಎಂಬುದೇ ಪ್ರಶ್ನೆ. ವೀರಶೈವ ಸಿದ್ಧಾಂತದಲ್ಲಿ ಜೀವನು ಪೂರ್ಣನಾದ ಶಿವನ ಅಂಶ. ಆಣವ, ಮಾಯಾ, ಕಾರ್ಮಿಕವೆಂಬ ಮೂರು ಮಲಗಳಲ್ಲಿ ಮೊದಲನೆಯದಾದ ಆಣವವು ಏನು ಮಾಡುತ್ತದೆಯೆಂದರೆ, ಪೂರ್ಣದ ಅಂಶವಾದವನಿಗೆ ತಾನು ಅಣುವೆಂಬ ಭಾವನೆಯನ್ನು ಹುಟ್ಟಿಸುತ್ತದೆ. ತಾನು ಚಿಕ್ಕವನು, ತನ್ನಲ್ಲಿ ಏನೋ ಕೊರತೆಯಿದೆ, ಹೊರಗಿನಿಂದ ಏನನ್ನಾದರೂ ತಂದು ತುಂಬದ ಹೊರತು ತಾನು ಉಳಿಯಲಾರೆ ಎಂಬ ಅಳುಕು ಇದರಿಂದ ಉಂಟಾಗುವುದು. ಹೊಟ್ಟೆಯ ಹಸಿವಿಗೆ ಒಂದು ಮಿತಿಯುಂಟು, ಅಂಬಲಿಯಿಂದಲೂ ಅದು ತಣಿದೀತು. ಆದರೆ ಈ ಅಳುಕಿಗೆ ಮಿತಿಯಿಲ್ಲ, ಏಕೆಂದರೆ ಅದು ವಸ್ತುವಿನ ಕೊರತೆಯಿಂದ ಹುಟ್ಟಿದುದಲ್ಲ. ಹಾಗಾದರೆ ಅರ್ಥಶಾಸ್ತ್ರದ ಪುಸ್ತಕಗಳು ಮನುಷ್ಯನೆಂದು ಬರೆದಿಟ್ಟಿರುವುದು ಆಣವಮಲದ ಚಿತ್ರವೇ ಹೊರತು ಮನುಷ್ಯನದಲ್ಲ. ಚಿತ್ರವು ಸುಳ್ಳಲ್ಲ, ರೋಗಿಯ ಲಕ್ಷಣಗಳನ್ನು ಸರಿಯಾಗಿಯೇ ಬರೆದುಕೊಂಡಿದೆ. ರೋಗವನ್ನೇ ದೇಹವೆಂದು ತಿಳಿದುದು ಮಾತ್ರ ತಪ್ಪು.

ಇದು ಬರಿಯ ವಾದವಲ್ಲ, ಒಂದು ಮನೆಯ ಅಂಗಳದಲ್ಲಿ ಪರೀಕ್ಷಿಸಲ್ಪಟ್ಟ ವಿಷಯವೆಂಬುದಕ್ಕೆ ಆಯ್ದಕ್ಕಿಯ ಮಾರಯ್ಯ-ಲಕ್ಕಮ್ಮ ದಂಪತಿಗಳ ವೃತ್ತಾಂತವು ಸಾಕ್ಷಿ. ಇವರು ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದ ಜಂಗಮ ದಾಸೋಹವನ್ನು ನಡೆಸಿ, ಮಿಕ್ಕುದನ್ನು ಪ್ರಸಾದವಾಗಿ ಸ್ವೀಕರಿಸುವುದು ಇಬ್ಬರ ನೇಮ. ಒಂದು ದಿನ ಅನುಭಾವದ ಮಾತುಕತೆಯಲ್ಲಿ ಮಾರಯ್ಯನು ಮೈಮರೆತು ಕುಳಿತನು. ಕಾಯಕದ ಹೊತ್ತು ಮೀರುತ್ತಿರುವುದನ್ನು ಲಕ್ಕಮ್ಮನೇ ನೆನಪಿಸಿ ಅವನನ್ನು ಎಬ್ಬಿಸಿ ಕಳುಹಿಸಬೇಕಾಯಿತು. ಅವಸರದಿಂದ ಹೋದವನು ಆ ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಮೊರಕ್ಕೆ ಸುರಿಯುವ ಮೊದಲೇ ಅಳತೆಯ ಭೇದವನ್ನು ಕಂಡಳು. ಈ ಅಕ್ಕಿಯು ದಿನದ ಮನಸ್ಸಿನಿಂದ ಬಂದುದಲ್ಲ, ಇದರಲ್ಲಿ ಎರಡನೆಯ ಮನಸ್ಸೊಂದು ಸೇರಿದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂಬುದು ಅವಳ ಮಾತಿನ ಸಾರ. ಇಷ್ಟೊಂದು ಆಸೆ ಅರಸರಿಗೆ ಇರಬಹುದು, ಶಿವಭಕ್ತರ ಮನೆಗೆ ಅದು ಒಗ್ಗದೆಂದು ಅವಳು ಹೇಳಿದ ವಚನವು ಭಕ್ತರ ಬಾಯಲ್ಲಿ ಇಂದಿಗೂ ಇದೆ.

ಈ ಪ್ರಸಂಗವನ್ನು ಅವಸರದಿಂದ ದಾಟಿಹೋಗುವವರು ಇದನ್ನು ಪ್ರಾಮಾಣಿಕತೆಯ ಕಥೆಯೆಂದು ಮಕ್ಕಳಿಗೆ ಹೇಳಿ ಮುಗಿಸುವರು. ಆದರೆ ಇಲ್ಲಿ ಕಳವಿಲ್ಲ, ವಂಚನೆಯಿಲ್ಲ. ನೆಲಕ್ಕೆ ಬಿದ್ದ ಅಕ್ಕಿ. ಯಾರ ಗಂಟೂ ಹೋಗಲಿಲ್ಲ. ಮಾರಯ್ಯನು ಆಯದಿದ್ದರೆ ಗುಬ್ಬಿ ತಿನ್ನುತ್ತಿತ್ತು. ಯಾವ ರಾಜಶಾಸನವೂ ಅವನನ್ನು ತಪ್ಪಿತಸ್ಥನೆನ್ನಲಾರದು. ಅರ್ಥಶಾಸ್ತ್ರಜ್ಞನಂತೂ ಇದರಿಂದ ಒಬ್ಬನಿಗೆ ಲಾಭವಾಗಿ ಯಾರಿಗೂ ನಷ್ಟವಾಗಲಿಲ್ಲವೆಂದು ಸಂತೋಷಪಡುವನು. ಲಕ್ಕಮ್ಮನಿಗೆ ಕಂಡ ನಷ್ಟವು ಅಕ್ಕಿಯ ಲೆಕ್ಕಕ್ಕೆ ಸಿಕ್ಕುವಂತಹುದಲ್ಲ. ಇಂದು ಒಂದು ಹಿಡಿ ಹೆಚ್ಚು ತಂದ ಕೈ ನಾಳೆಯೂ ಆ ಹಿಡಿಯನ್ನೇ ಅಳತೆಯೆಂದು ತಿಳಿಯುವುದು. ಅದು ಸಿಕ್ಕದ ದಿನ ಕೊರತೆಯಾಯಿತೆಂದು ಕೊರಗುವುದು. ನಿನ್ನೆಯವರೆಗೆ ಪೂರ್ಣನಾಗಿದ್ದವನು ಒಂದು ಹಿಡಿ ಅಕ್ಕಿಯನ್ನು ಪಡೆದು ಬಡವನಾಗುವನು. ಆಣವವು ಮನೆಯೊಳಕ್ಕೆ ಬರುವ ಬಾಗಿಲು ಅದು, ಅವಳು ಆ ಬಾಗಿಲಲ್ಲಿ ನಿಂತಿದ್ದಳು. ಮಿಲ್ ಎಣಿಸಿದ ಲಕ್ಷಣಗಳು ಈ ಮನೆಯಲ್ಲಿ ಏನಾದುವೆಂಬುದನ್ನೂ ಗಮನಿಸಬೇಕು. ದುಡಿಮೆಯು ಬೇಸರದ ವಸ್ತುವಾಗಿದ್ದರೆ ಕಾಯಕ ತಪ್ಪಿತೆಂದು ಗಂಡನನ್ನು ಎಬ್ಬಿಸುವ ಗರಜು ಅವಳಿಗೇನಿತ್ತು? ತಂದ ಅಕ್ಕಿಯೂ ಮೊದಲು ಸೇರುತ್ತಿದ್ದುದು ಜಂಗಮರ ಎಡೆಗೆ. ಇನ್ನೊಂದು ಮಾತು: ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಲೆಕ್ಕ ಹಾಕುವವನು ಯಾವಾಗಲೂ ಗಂಡಸೇ. ಕಲ್ಯಾಣದ ಈ ಗುಡಿಸಿಲಲ್ಲಿ ಲೆಕ್ಕ ನೋಡಿದವಳು ಹೆಣ್ಣುಮಗಳು, ಮತ್ತು ಅವಳ ಲೆಕ್ಕವೇ ನಿಂತಿತು.

ಗೃಹಸ್ಥರು ಇಲ್ಲೊಂದು ಆಕ್ಷೇಪವನ್ನೆತ್ತುವರು, ಅದು ನ್ಯಾಯವಾದುದೂ ಅಹುದು. ಮಕ್ಕಳ ಶಾಲೆಯ ಶುಲ್ಕ, ಮದುವೆ, ಆಸ್ಪತ್ರೆಯ ವೆಚ್ಚ, ಮುಪ್ಪಿನ ದಿನಗಳು, ಇವನ್ನೆಲ್ಲ ಎದುರಿಗಿಟ್ಟುಕೊಂಡವನು ದಿನದ ಅಕ್ಕಿಯನ್ನು ದಿನವೇ ಮುಗಿಸಿ ಬದುಕುವುದೆಂತು? ಮಳೆ ತಪ್ಪಿದ ವರುಷದ ಸಂಕಟವನ್ನು ಬಲ್ಲ ಒಕ್ಕಲಿಗನಿಗೆ, ಕಣಜದಲ್ಲಿ ಉಳಿಸಬೇಡವೆಂದು ಹೇಳುವುದು ಧರ್ಮವಾದೀತೆ? ಶರಣರು ಎಲ್ಲರಿಗೂ ಒಂದೇ ಅಳತೆಯ ಮಾನವನ್ನು ಕೊಟ್ಟವರಲ್ಲ. ಅವರ ಗಣದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿದ್ದಂತೆ, ರಾಜ್ಯವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆ ಹೊತ್ತನೆಂದು ಹೇಳಲಾಗುವ ಮೋಳಿಗೆಯ ಮಾರಯ್ಯನಿದ್ದನು. ಭಂಡಾರದ ಅಧಿಕಾರಿಯೂ ಇದ್ದನು. ವರ್ಷದ ಬೆಳೆಯನ್ನು ವರ್ಷಕ್ಕೆ ಉಳಿಸುವುದು ಒಕ್ಕಲುತನದ ಕ್ರಮವೇ ಹೊರತು ಲೋಭವಲ್ಲ. ಹೊರಗಿನ ವಸ್ತುವನ್ನು ಶರಣರು ಪದಾರ್ಥವೆಂದೂ, ಅದೇ ವಸ್ತುವು ಲಿಂಗಕ್ಕೆ ಅರ್ಪಿತವಾಗಿ ಮರಳಿ ಬಂದಾಗ ಪ್ರಸಾದವೆಂದೂ ಕರೆದರು. ಪದಾರ್ಥಕ್ಕೆ ಒಡೆಯನಿರುವನು, ಪ್ರಸಾದಕ್ಕೆ ಸ್ವೀಕರಿಸುವವನು ಮಾತ್ರವಿರುವನು. ಪ್ರಸಾದವನ್ನು ಚೆಲ್ಲುವಂತಿಲ್ಲ, ಆದುದರಿಂದ ದುಂದು ಸಲ್ಲದು. ಕಸಿಯುವಂತಿಲ್ಲ, ಆದುದರಿಂದ ವಂಚನೆ ಸಲ್ಲದು. ಹಸಿದವನೆದುರಿಗೆ ಮುಚ್ಚಿಟ್ಟುಕೊಳ್ಳುವಂತೆಯೂ ಇಲ್ಲ. ಮುಪ್ಪಿಗೆಂದು ಕೂಡಿಟ್ಟ ಹಣವೂ ಪ್ರಸಾದವಾಗಿರಬಲ್ಲುದು. ಆದರೆ ನೆರೆಯವನ ಮನೆಗಿಂತ ಒಂದು ಅಂಕಣ ಹೆಚ್ಚಾಗಲೆಂದು, ಅವನ ಮಗಳ ಮದುವೆಗಿಂತ ಒಂದು ಪಂಕ್ತಿ ಹೆಚ್ಚಾಗಲೆಂದು ಸಾಲ ಮಾಡಿ ಸುರಿದ ಹಣವು ಎಷ್ಟು ಮಂತ್ರ ಹೇಳಿಸಿದರೂ ಪ್ರಸಾದವಾಗದು. ಈ ಎರಡರ ನಡುವಿನ ಗೆರೆಯನ್ನು ಯಾವ ಶಾಸ್ತ್ರವೂ ರೂಪಾಯಿಯಲ್ಲಿ ಬರೆದುಕೊಡಲಾರದು.

ಇನ್ನೊಂದು ಅಪಾಯವುಂಟು, ಅದನ್ನು ಮುಚ್ಚಿಟ್ಟರೆ ಶರಣರಿಗೆ ದ್ರೋಹ ಬಗೆದಂತಾಗುವುದು. ದುಡಿಸಿಕೊಳ್ಳುವವರು ಕಾಯಕದ ತತ್ತ್ವವನ್ನು ತಮಗೆ ಬೇಕಾದಂತೆ ತಿರುಗಿಸಿಕೊಳ್ಳುವುದು. ಕಾಯಕವೇ ಪೂಜೆಯಾದ ಮೇಲೆ ಕೂಲಿಯ ಮಾತೇಕೆ, ಇದ್ದುದರಲ್ಲಿ ತೃಪ್ತಿಪಡಬಾರದೆ ಎಂದು ಆಳಿಗೆ ಉಪದೇಶಿಸುವ ಒಡೆಯನು, ತನ್ನ ಲಾಭದ ವಿಷಯ ಬಂದಾಗ ಅಪಾರವಾದ ಬಯಕೆಯೇ ಮನುಷ್ಯನ ಸ್ವಭಾವವೆಂದು ನಂಬಿರುವನು. ಆಳಿಗೊಂದು ತತ್ತ್ವ, ತನಗೊಂದು ತತ್ತ್ವ. ಲಕ್ಕಮ್ಮನು ಸಾಕೆಂದುದು ತನ್ನ ಎಡೆಯನ್ನು ನೋಡಿ; ಪರರ ಎಡೆಯನ್ನು ನೋಡಿ ಸಾಕೆನ್ನುವ ಅಧಿಕಾರವು ಅವಳ ವಚನದಿಂದ ಯಾರಿಗೂ ಬರುವುದಿಲ್ಲ. ನುಲಿಯ ಚಂದಯ್ಯನ ಕಥೆಯಲ್ಲಿಯೂ ಇದೇ ಸೂಕ್ಷ್ಮವಿದೆ. ತಾನು ಹೊಸೆದ ಹಗ್ಗಕ್ಕೆ ಅದರ ಬೆಲೆಯನ್ನು ಮೀರಿ ಹೊನ್ನು ಬಂದಾಗ ಅವನು ಒಲ್ಲೆನೆಂದನು. ಆದರೆ ಹಗ್ಗಕ್ಕೆ ಬೆಲೆಯೇ ಇಲ್ಲವೆಂದು ಅವನು ಎಂದೂ ಹೇಳಲಿಲ್ಲ. ಕಾಯಕಕ್ಕೆ ಸಲ್ಲತಕ್ಕ ಬೆಲೆಯು ಸಲ್ಲಲೇಬೇಕು. ಸಲ್ಲಿಸದವನು ಮತ್ತೊಬ್ಬನ ದಾಸೋಹವನ್ನು ಕದ್ದವನು.

ಇತ್ತೀಚಿನ ದಶಕಗಳಲ್ಲಿ ಅರ್ಥಶಾಸ್ತ್ರಜ್ಞರೇ ತಮ್ಮ ಮೊದಲ ಸೂತ್ರವನ್ನು ಪರೀಕ್ಷೆಗೆ ಒಡ್ಡಿದುದು ಗಮನಿಸತಕ್ಕ ಸಂಗತಿ. 1982ರಲ್ಲಿ ಜರ್ಮನಿಯ ವರ್ನರ್ ಗ್ಯೂತ್ ಮತ್ತು ಸಂಗಡಿಗರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಇಬ್ಬರಿಗೆ ಸೇರಿ ಒಂದು ಮೊತ್ತ. ಒಬ್ಬನು ಅದನ್ನು ತನ್ನಿಚ್ಛೆಯಂತೆ ಪಾಲು ಮಾಡಬೇಕು. ಇನ್ನೊಬ್ಬನು ಒಪ್ಪಿದರೆ ಇಬ್ಬರಿಗೂ ಪಾಲು, ಒಲ್ಲೆನೆಂದರೆ ಇಬ್ಬರಿಗೂ ಇಲ್ಲ. ಸ್ವಾರ್ಥವೇ ಸ್ವಭಾವವಾಗಿದ್ದರೆ ಮೊದಲನೆಯವನು ಒಂದು ಕಾಸನ್ನು ಕೊಡಬೇಕಾಗಿತ್ತು, ಎರಡನೆಯವನು ಇಲ್ಲದುದಕ್ಕಿಂತ ಲೇಸೆಂದು ಅದನ್ನೇ ತೆಗೆದುಕೊಳ್ಳಬೇಕಾಗಿತ್ತು. ಹಾಗೆ ಆಗಲಿಲ್ಲ. ಅನೇಕ ದೇಶಗಳಲ್ಲಿ ಮರಳಿ ಮರಳಿ ಮಾಡಿದಾಗಲೂ ಬಹುಮಂದಿ ನೂರಕ್ಕೆ ನಲವತ್ತು, ಐವತ್ತರಷ್ಟನ್ನು ಕೊಟ್ಟರು. ತೀರ ಕಡಮೆ ಕೊಟ್ಟಲ್ಲಿ ಪಡೆಯುವವನು ತನ್ನ ನಷ್ಟವನ್ನೂ ಲೆಕ್ಕಿಸದೆ ತಿರಸ್ಕರಿಸುವುದು ಸಾಮಾನ್ಯವಾಗಿತ್ತು. ಮುಂದೆ ಬೇರೆ ಬೇರೆ ಜನಾಂಗಗಳಲ್ಲಿ ನೋಡಿದಾಗ ಅಳತೆಯು ಬೇರೆ ಬೇರೆಯಾಗಿ ಕಂಡಿತು. ಪೆರು ದೇಶದ ಕಾಡಿನಲ್ಲಿ ಕುಟುಂಬ ಕುಟುಂಬವಾಗಿ ಬೇರೆಯಾಗಿ ಬದುಕುವ ಮಚಿಗೆಂಗರು ಕಾಲುಭಾಗದಷ್ಟನ್ನೇ ಕೊಟ್ಟರು. ಇಂಡೊನೇಷಿಯಾದ ಲಮಲೇರಾ ಊರಿನ ಮೀನುಗಾರರು ಒಂದೇ ದೋಣಿಯಲ್ಲಿ ಕೂಡಿ ತಿಮಿಂಗಿಲವನ್ನು ಬೇಟೆಯಾಡಿ ಪಾಲು ಹಂಚಿಕೊಳ್ಳುವವರು. ಅವರು ಸರಾಸರಿಯಲ್ಲಿ ಅರ್ಧಕ್ಕಿಂತಲೂ ಮಿಗಿಲಾಗಿ ಕೊಟ್ಟರು. ಒಂದೇ ಮನುಷ್ಯಪ್ರಕೃತಿಯು ಕಾಯಕದ ರೀತಿಗೆ ತಕ್ಕಂತೆ ಬೇರೆ ಬೇರೆ ಮುಖವನ್ನು ತೋರಿಸಿತು.

ಇದಕ್ಕಿಂತಲೂ ಯೋಚಿಸುವಂತೆ ಮಾಡುವುದು ಇಸ್ರೇಲಿನ ಹೈಫಾ ನಗರದ ವೃತ್ತಾಂತ. ಅಲ್ಲಿಯ 10 ಶಿಶುವಿಹಾರಗಳನ್ನು ಉರಿ ನೀಝಿ ಮತ್ತು ಆಲ್ಡೊ ರುಸ್ತಿಕೀನಿ ಎಂಬ ಇಬ್ಬರು ವಿದ್ವಾಂಸರು ಪರೀಕ್ಷಿಸಿ 2000ದಲ್ಲಿ ಫಲವನ್ನು ಪ್ರಕಟಿಸಿದರು. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವು ತಂದೆತಾಯಿಗಳು ತಡಮಾಡಿ ಬರುತ್ತಿದ್ದರು. 6 ವಿಹಾರಗಳಲ್ಲಿ ತಡವಾಗಿ ಬಂದವರಿಗೆ ದಂಡವನ್ನು ವಿಧಿಸಲಾಯಿತು. ತಡಮಾಡುವವರು ಕಡಮೆಯಾಗಬೇಕಾಗಿತ್ತು, ಹೆಚ್ಚಾದರು. ಅದಕ್ಕೆ ಮೊದಲು ಅವರನ್ನು ತಡೆದಿದ್ದುದು, ತಮಗಾಗಿ ಒಬ್ಬ ಉಪಾಧ್ಯಾಯಿನಿಯು ಮನೆಗೆ ಹೋಗದೆ ಕಾದಿರುವಳಲ್ಲಾ ಎಂಬ ನಾಚಿಕೆ. ದಂಡ ಬಂದೊಡನೆ ಆ ನಾಚಿಕೆಗೆ ಬೆಲೆ ಕಟ್ಟಿದಂತಾಯಿತು, ಹಣ ಕೊಟ್ಟವನು ನಾಚಬೇಕಾಗಿರಲಿಲ್ಲ. ಕೆಲವು ವಾರಗಳ ಮೇಲೆ ದಂಡವನ್ನು ತೆಗೆದುಹಾಕಿದರೂ ಹೋದ ನಾಚಿಕೆಯು ಮರಳಿ ಬರಲಿಲ್ಲ. ಮನುಷ್ಯನನ್ನು ಬರಿಯ ಲಾಭನಷ್ಟದ ಯಂತ್ರವೆಂದೆಣಿಸಿ ಕಟ್ಟಿದ ಏರ್ಪಾಡು, ಅವನು ಹಾಗಿಲ್ಲದಿದ್ದರೂ ಅವನನ್ನು ಹಾಗೆಯೇ ಮಾಡಿಬಿಡಬಲ್ಲುದು. ಆಣವವನ್ನು ಸ್ವರೂಪವೆಂದು ಬೋಧಿಸುವುದು ಬರಿಯ ತಪ್ಪು ತಿಳಿವಳಿಕೆಯಾಗಿ ನಿಲ್ಲುವುದಿಲ್ಲ. ಅದೊಂದು ತಿರುಗುಮುರುಗಾದ ದೀಕ್ಷೆಯಾಗುವುದು.

ಹಾಗಾದರೆ ಬೀಗ, ಪತ್ರ, ತಕ್ಕಡಿಗಳನ್ನೆಲ್ಲ ಬಿಟ್ಟುಬಿಡಬೇಕೆ? ಅಂತಹ ಮುಗ್ಧತನವು ಶರಣರ ಮಾರ್ಗವಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಒಂದು ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿತು. ಭಾರತದ ಸಹಕಾರ ಚಳುವಳಿಯ ಮೊದಲ ಸಂಘವೆಂದು ಅದಕ್ಕೆ ಹೆಸರು. 1904ರ ಕಾಯಿದೆಯ ಪ್ರಕಾರ ಇಂತಹ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯಿರಲಿಲ್ಲ. ಸಂಘದ ಸಾಲಕ್ಕೆ ಪ್ರತಿಯೊಬ್ಬನೂ ತನ್ನ ಆಸ್ತಿಯಿಂದ ಹೊಣೆ. ಇಂತಹ ಏರ್ಪಾಡಿನ ಅಡಿಯಲ್ಲಿರುವ ಮನುಷ್ಯನು ಯಾರು? ಅವನು ಲಕ್ಕಮ್ಮನಂತೆ ಸಿದ್ಧನಲ್ಲ. ಅವನಿಗೂ ಪತ್ರವುಂಟು, ವಾಯಿದೆಯುಂಟು, ಲೆಕ್ಕದ ಪುಸ್ತಕವುಂಟು. ಆದರೆ ಅವನು ನಲವತ್ತು ಬಗೆಯಿಂದ ಕದಿಯುವವನೂ ಅಲ್ಲ. ನೆರೆಯವನ ಮಾತಿಗೆ ತನ್ನ ಹೊಲವನ್ನು ಒಡ್ಡಬಲ್ಲವನು, ತನಗಾಗಿ ನೆರೆಯವನು ಒಡ್ಡಿರುವನೆಂಬುದನ್ನು ನೆನೆದು ಸಾಲವನ್ನು ತೀರಿಸಬಲ್ಲವನು. ಮುಂದೆ ಅನೇಕ ಕಡೆಗಳಲ್ಲಿ ಸಹಕಾರ ಸಂಘಗಳು ಕೆಲವರ ಗಂಟಾಗಿ ಕೆಟ್ಟುದೂ ಉಂಟು, ಮಲವು ಅಲ್ಲಿಗೂ ಹೊಕ್ಕಿತು. ಆದರೆ ಕೆಟ್ಟುದನ್ನು ಕೆಟ್ಟಿತೆಂದು ಜನರು ಹೇಳುತ್ತಿರುವುದೇ, ಅದಲ್ಲದ ಬೇರೊಂದು ರೂಪವನ್ನು ಅವರು ಬಲ್ಲರೆಂಬುದಕ್ಕೆ ಗುರುತು.

ಆಯ್ದಕ್ಕಿಯ ದಂಪತಿಗಳ ವೃತ್ತಾಂತವು ಅಕ್ಕಿಯನ್ನು ಹಿಂದಕ್ಕೆ ಸುರಿದಲ್ಲಿಗೆ ಮುಗಿಯುವುದಿಲ್ಲ. ಉಳಿದ ಆ ದಿನದ ಅಕ್ಕಿಯಿಂದಲೇ ಬಸವಣ್ಣನವರನ್ನೂ, ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರನ್ನೂ ದಾಸೋಹಕ್ಕೆ ಕರೆಯಬೇಕೆಂದು ಲಕ್ಕಮ್ಮನು ಹೇಳಿದಳು. ಮಾರಯ್ಯನು ಅಳುಕಿದನೆಂದು ಕಥೆ ಹೇಳುವವರು ಹೇಳುವರು. ಹೊತ್ತಿಗೆ ಮೊದಲು ಹೆಚ್ಚು ಆಯ್ದುದೂ ಆ ಕೈಯೇ, ಈಗ ಸಾಲದೆಂದು ನಡುಗಿದುದೂ ಆ ಕೈಯೇ. ಎರಡು ಸಲವೂ ಒಳಗಿದ್ದುದು ಒಂದೇ ಅಳುಕು. ಲಕ್ಕಮ್ಮನು ಅವನೊಡನೆ ವಾದಕ್ಕೆ ನಿಲ್ಲಲಿಲ್ಲ. ಕರೆದು ಬಾ ಎಂದು ಅವನನ್ನು ಮಹಾಮನೆಗೆ ಕಳುಹಿಸಿ, ತಾನು ಒಲೆಗೆ ಬೆಂಕಿ ಹೂಡಿ ಎಸರಿಟ್ಟಳು.